ವಿದೇಶ ಪ್ರವಾಸ ಮುಗಿಸಿ ಮನೆಗೆ ಮರಳಿದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯ ಕೊನೆಯ ವಾರ, ದಸರಾ ರಜೆಯ ಬೆನ್ನಿಗೆ, ಜನವರಿಯ ಮೊದಲ ದಿನಗಳು: ವರ್ಷದ ಈ ಮೂರು ಹೊತ್ತಿನಲ್ಲಿ ವಿದೇಶಕ್ಕೆ ಹೋಗಿ ಬಂದ ಬೆಂಗಳೂರಿನ ಕುಟುಂಬಗಳಿಂದ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲಿಗೆ, ಬಿಡಿಸಲು ಕಷ್ಟವಾದವು ಕೊನೆಗೆ ಇವೆ. ಪ್ರವಾಸ ಮುಗಿಸಿ ಬಂದವರ ಬೇಸರದಲ್ಲಿ ದೊಡ್ಡ ಪಾಲು ಮನೆಯಲ್ಲಿ ಒಟ್ಟಿಗೆ ಬಂದು ಬೀಳುವ ಕೆಲಸದಿಂದ ಹುಟ್ಟುತ್ತದೆ, ಆ ಕೆಲಸ ಯಾರ ತಲೆಯ ಮೇಲೆ ಬಿತ್ತು ಎಂಬುದರಿಂದ ಬೆಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಉತ್ತರಗಳನ್ನು ಓದುವಾಗ ಇದು ಗಮನದಲ್ಲಿರಲಿ.

## ಬಂದಿಳಿದ ದಿನ

ರಾತ್ರಿ ಎರಡು ಗಂಟೆಗೆ ಫ್ಲೈಟ್ ಇಳಿಯುತ್ತೆ. ಮನೆಗೆ ಹೋಗಿ ಸ್ನಾನ ಮಾಡಿ ಸೀದಾ ಆಫೀಸಿಗೆ ಹೋದರಾಯ್ತಲ್ವಾ?

ಹೋಗಬಹುದು, ಆದರೆ ಹೋಗಬೇಡಿ. ಎರಡಕ್ಕೆ ಇಳಿದವರು ಇಮಿಗ್ರೇಷನ್, ಲಗೇಜ್ ಬೆಲ್ಟ್, ಕಸ್ಟಮ್ಸ್ ದಾಟಿ ಹೊರಬರುವಷ್ಟರಲ್ಲಿ ಮೂರು ದಾಟಿರುತ್ತದೆ. ದೇವನಹಳ್ಳಿಯ ನಿಲ್ದಾಣದಿಂದ ಮೆಜೆಸ್ಟಿಕ್ ಸುಮಾರು 35 ಕಿಲೋಮೀಟರ್, ಜೆ.ಪಿ. ನಗರ, ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಇನ್ನೂ ದೂರ. ಹೆಬ್ಬಾಳದ ಮೇಲುಸೇತುವೆ ಆ ಹೊತ್ತಿನಲ್ಲಿ ಖಾಲಿಯಿರುತ್ತದೆ ಎಂಬುದೊಂದೇ ಸಮಾಧಾನ. ನಿಲ್ದಾಣದಲ್ಲಿ ಕಾರು ನಿಲ್ಲಿಸಿ ಹೋದವರು ತಾವೇ ಓಡಿಸಿಕೊಂಡು ಬರುವುದು ಮಾತ್ರ ಒಳ್ಳೆಯದಲ್ಲ. ಕುಳಿತೇ ರಾತ್ರಿ ಕಳೆದವರಿಗೆ ಬಳ್ಳಾರಿ ರಸ್ತೆಯ ನೇರ ಹಾದಿಯಲ್ಲಿ ಗೊತ್ತಾಗದಂತೆ ಕಣ್ಣು ಎಳೆಯುತ್ತದೆ. ಟ್ಯಾಕ್ಸಿಯೋ ಬಿಎಂಟಿಸಿಯ ವಾಯು ವಜ್ರ ಬಸ್ಸೋ ಹಿಡಿಯಿರಿ. ರಜೆಯ ಅರ್ಜಿ ಹಾಕುವಾಗಲೇ ಮರಳಿದ ಮರುದಿನವನ್ನೂ ಸೇರಿಸಿಕೊಳ್ಳಿ. ಭಾನುವಾರ ರಾತ್ರಿ ಇಳಿಯುವ ಟಿಕೆಟ್ ತುಸು ಅಗ್ಗವಾಗಿದ್ದರೂ ಶನಿವಾರ ನಸುಕಿನಲ್ಲಿ ಇಳಿಯುವುದನ್ನೇ ಕೊಂಡವರು ಪಶ್ಚಾತ್ತಾಪಪಟ್ಟದ್ದನ್ನು ನಾನು ಕಂಡಿಲ್ಲ.

ಮೂರು ವಾರ ಬೀಗ ಹಾಕಿದ್ದ ಮನೆ. ಬಾಗಿಲು ತೆಗೆದ ಮೇಲೆ ಮೊದಲು ಏನು ನೋಡಬೇಕು?

ಸ್ವಿಚ್ಚಿಗೆ ಕೈ ಹಾಕುವ ಮೊದಲು ಮೂಗಿಗೆ ಕೆಲಸ ಕೊಡಿ. ಅಡುಗೆ ಅನಿಲದ ವಾಸನೆ ಬಂದರೆ ದೀಪ ಹಾಕದೆ, ಕಡ್ಡಿ ಗೀರದೆ, ಕಿಟಕಿಗಳನ್ನು ತೆರೆದು ರೆಗ್ಯುಲೇಟರ್ ಮುಚ್ಚಿ, ಹೊರಬಂದು 1906ಕ್ಕೆ ಕರೆ ಮಾಡಿ. ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ.

ಅನಂತರ ನೀರು. ನಲ್ಲಿಗಳನ್ನು ತೆರೆದು ಪೈಪಿನಲ್ಲಿ ನಿಂತ ನೀರು ಹರಿದುಹೋಗಲಿ. ಆರ್‌ಒ ಫಿಲ್ಟರಿನ ತೊಟ್ಟಿಯಲ್ಲಿರುವುದನ್ನು ಪೂರ್ತಿ ಚೆಲ್ಲಿ, ಮತ್ತೆ ತುಂಬಿದ್ದನ್ನೂ ಒಮ್ಮೆ ಚೆಲ್ಲಿ, ಆಮೇಲೆ ಕುಡಿಯಲು ಹಿಡಿಯಿರಿ. ಸಂಪಿನ ಮುಚ್ಚಳ ತೆಗೆದು ನೋಡಿ: ಕಾವೇರಿ ನೀರು ಬಿಡುವ ದಿನ ತಪ್ಪಿದ್ದರೆ, ಬಂದ ಮೊದಲ ಬೆಳಿಗ್ಗೆಯೇ ಟ್ಯಾಂಕರಿಗೆ ಹೇಳಬೇಕಾದೀತು. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ಟ್ರೇ, ಬಾಲ್ಕನಿಯಲ್ಲಿ ಬಿಟ್ಟ ಬಕೆಟ್ಟು, ಈ ಮೂರನ್ನು ಯಾರೂ ನೋಡುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುದ್ಧ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು.

ಫ್ರೀಜರಿನ ಐಸ್ ಟ್ರೇಯನ್ನೂ ನೋಡಿ. ಬಿಡಿಬಿಡಿ ತುಂಡುಗಳು ಕರಗಿ ಒಂದೇ ಹಾಳೆಯಾಗಿ ಗಟ್ಟಿಯಾಗಿದ್ದರೆ ನೀವಿಲ್ಲದಾಗ ಕರೆಂಟು ಗಂಟೆಗಟ್ಟಲೆ ಹೋಗಿತ್ತೆಂದು ಅರ್ಥ, ಒಳಗಿನ ಬಟಾಣಿ, ಐಸ್‌ಕ್ರೀಮ್ ಎಲ್ಲವನ್ನೂ ಎಸೆಯಿರಿ. ಯುಪಿಎಸ್ ಬ್ಯಾಟರಿಯ ನೀರಿನ ಮಟ್ಟ ಮರುದಿನ ನೋಡಿದರೂ ನಡೆದೀತು. ಪಕ್ಕದ ಮನೆಯವರು ತುಳಸಿಗೆ ನೀರು ಹಾಕಿದ್ದರೆ ಮೊದಲ ಚಾಕಲೇಟ್ ಪೊಟ್ಟಣ ಅವರಿಗೇ ಸಲ್ಲಬೇಕು.

ಸೂಟ್‌ಕೇಸ್ ಬಿಚ್ಚೋಕೆ ಮನಸ್ಸೇ ಬರಲ್ಲ. ಒಂದು ವಾರ ಹಾಲ್‌ನಲ್ಲೇ ಬಿದ್ದಿದ್ದರೆ ಏನಾಗುತ್ತೆ?

ಎರಡು ತೊಂದರೆಗಳಿವೆ, ಎರಡೂ ಸಣ್ಣವಲ್ಲ. ಲಗೇಜಿಗೆ ಹಾನಿಯಾಗಿದ್ದರೆ ವಿಮಾನ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಡಲು ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಬ್ಯಾಗು ಕೈಸೇರಿದ ದಿನದಿಂದ 7 ದಿನಗಳ ಅವಕಾಶವಿದೆ. ಬ್ಯಾಗು ತಡವಾಗಿ ಬಂದಿದ್ದರೆ 21 ದಿನ. ಎಂಟನೆಯ ದಿನ ಬಿಚ್ಚಿ, ಒಳಗಿನ ಪಿಂಗಾಣಿ ಚೂರಾದದ್ದನ್ನು ಕಂಡರೆ ಕೇಳುವವರಿರುವುದಿಲ್ಲ. ಎರಡನೆಯದು ತಿಗಣೆ. ಒಳ್ಳೆಯ ಹೋಟೆಲುಗಳಲ್ಲೂ ತಿಗಣೆ ಇರುತ್ತದೆ, ಅದು ಹೊಲಿಗೆಯ ಸಂದಿಯಲ್ಲಿ ಕುಳಿತು ಖಂಡ ದಾಟುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಮಂಚದ ಮೇಲೆ ಬಿಚ್ಚದೆ ಬಾಲ್ಕನಿಯಲ್ಲೋ ತಾರಸಿಯಲ್ಲೋ ಬಿಚ್ಚಿ. ಬಟ್ಟೆಗಳನ್ನು, ತೊಡದೆ ಮರಳಿ ತಂದವನ್ನೂ ಸೇರಿಸಿ, ಬಟ್ಟೆ ತಡೆಯುವುದಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಜಿಪ್ಪಿನ ಅಂಚಿನ ಉದ್ದಕ್ಕೂ ಟಾರ್ಚ್ ಹಿಡಿದು ನೋಡಿ: ಶಾಯಿಯ ಚುಕ್ಕೆಯಂಥ ಕಪ್ಪು ಕಲೆಗಳ ಸಾಲು ಕಂಡರೆ ಆ ಪೆಟ್ಟಿಗೆ ಮಲಗುವ ಕೋಣೆಗೆ ಹೋಗಕೂಡದು.

ಮೊದಲ ದಿನ ಅಡುಗೆ ಏನು ಮಾಡೋದು? ಮನೇಲಿ ಏನೂ ಇರಲ್ಲ.

ಅನ್ನ, ತಿಳಿಸಾರು, ಹಪ್ಪಳ. ಇದಕ್ಕೆ ಬೇಕಾದ ಅಕ್ಕಿ, ಬೇಳೆ, ಸಾರಿನ ಪುಡಿ, ಹುಣಸೆಹಣ್ಣು ಬೀಗ ಹಾಕಿದ ಮನೆಯಲ್ಲೂ ಕೆಡದೆ ಇರುತ್ತವೆ. ಹಾಲು ಬೀದಿಯ ಕೊನೆಯ ನಂದಿನಿ ಬೂತಿನಲ್ಲಿ ಬೆಳಕು ಹರಿಯುವ ಮೊದಲೇ ಸಿಗುತ್ತದೆ. ಅಂದು ಸಂಜೆಯೇ ಅಕ್ಕಿ, ಉದ್ದು ನೆನೆಸಿ ರುಬ್ಬಿಟ್ಟರೆ ಮರುದಿನದ ತಿಂಡಿಯ ಚಿಂತೆ ತಪ್ಪುತ್ತದೆ. ಜನವರಿಯ ಚಳಿಯಲ್ಲಾದರೆ ಹಿಟ್ಟು ಹುದುಗಲು ರಾತ್ರಿಯೊಂದು ಸಾಲದೆ ಹೋಗಬಹುದು.

## ನಿದ್ದೆ ಮತ್ತು ಆರೋಗ್ಯ

ಜೆಟ್ ಲ್ಯಾಗ್ ಎಷ್ಟು ದಿನ ಇರುತ್ತೆ? ಸಿಂಗಪುರದಿಂದ ಬಂದಾಗ ಏನೂ ಆಗಲಿಲ್ಲ, ಯುರೋಪಿನಿಂದ ಬಂದಾಗ ಯಾಕೆ ಇಷ್ಟು ಸುಸ್ತು?

ದೇಹದ ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಸರಿಯುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ದುಬೈ ಒಂದೂವರೆ ಗಂಟೆ ಹಿಂದಿದೆ. ಬೇಸಿಗೆಯಲ್ಲಿ ಲಂಡನ್ ನಾಲ್ಕೂವರೆ ಗಂಟೆ, ನ್ಯೂಯಾರ್ಕ್ ಒಂಬತ್ತೂವರೆ ಗಂಟೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ಗಂಟೆ ಹಿಂದಿವೆ. ಅಂತರದ ಜೊತೆಗೆ ದಿಕ್ಕೂ ಮುಖ್ಯ. ಹೆಚ್ಚಿನವರ ದೇಹದ ಗಡಿಯಾರದ ಸಹಜ ಸುತ್ತು 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ, ತಡವಾಗಿ ಮಲಗುವುದು ಅದಕ್ಕೆ ಸುಲಭ, ಬೇಗ ಮಲಗುವುದು ಕಷ್ಟ. ಸಿಂಗಪುರದಿಂದ ಬರುವಾಗ ನಾವು ಪಶ್ಚಿಮಕ್ಕೆ ಬರುತ್ತೇವೆ, ದಿನ ಉದ್ದವಾಗುತ್ತದೆ. ಲಂಡನ್, ಪ್ಯಾರಿಸ್ ಕಡೆಯಿಂದ ಪೂರ್ವಕ್ಕೆ ಬರುವಾಗ ದಿನ ಕುಗ್ಗುತ್ತದೆ, ಇಲ್ಲಿ ರಾತ್ರಿ ಹನ್ನೊಂದಾದಾಗ ಲಂಡನ್ನಿನಿಂದ ಬಂದ ದೇಹಕ್ಕೆ ಇನ್ನೂ ಸಂಜೆ ಆರೂವರೆ.

ಬೆಳಿಗ್ಗೆ ಬಿಸಿಲಿಗೆ ಹೋಗಿ ಎಂಬ ಸಲಹೆ ಸರಿಯೇ, ಆದರೆ ಮೊದಲ ಎರಡು ದಿನ ಹೊತ್ತು ನೋಡಿ ಹೋಗಬೇಕು. ದೇಹದ ಉಷ್ಣತೆ ಅತ್ಯಂತ ಕೆಳಗಿರುವ ಗಳಿಗೆ ಸಾಮಾನ್ಯವಾಗಿ ನಸುಕಿನ ನಾಲ್ಕೈದು ಗಂಟೆ. ಅದಕ್ಕೆ ಮುಂಚೆ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೂ, ಅದರ ನಂತರ ಬಿದ್ದದ್ದು ಮುಂದಕ್ಕೂ ತಳ್ಳುತ್ತದೆ. ಯುರೋಪಿನಿಂದ ಬಂದವರಿಗೆ ಬೇಕಾದದ್ದು ಮುಂದಕ್ಕೆ ತಳ್ಳುವ ಬೆಳಕು. ಲಂಡನ್ನಿನ ನಸುಕು ಬೆಂಗಳೂರಿನ ಎಂಟೂವರೆ–ಒಂಬತ್ತೂವರೆಗೆ ಬೀಳುವುದರಿಂದ, ಬಂದ ಮರುದಿನ ಆರು ಗಂಟೆಗೇ ಎದ್ದು ವಾಕಿಂಗ್ ಹೊರಡುವುದಕ್ಕಿಂತ ಹತ್ತು ಗಂಟೆಯ ಬಿಸಿಲಿನಲ್ಲಿ ತರಕಾರಿ ತರಲು ಹೋಗುವುದು ಮೇಲು. ಮುಂದಿನ ದಿನಗಳಲ್ಲಿ ಬಿಸಿಲಿಗೆ ಹೋಗುವ ಹೊತ್ತನ್ನು ದಿನಕ್ಕೊಂದು ಗಂಟೆ ಬೇಗನೆ ಮಾಡಿಕೊಳ್ಳಿ. ಮಧ್ಯಾಹ್ನ ಮಲಗಲೇಬೇಕೆನಿಸಿದರೆ ಅಲಾರಂ ಇಟ್ಟು ಅರ್ಧ ಗಂಟೆ ಮಲಗಿ. ಮಧ್ಯಾಹ್ನ ಎರಡರ ನಂತರದ ಫಿಲ್ಟರ್ ಕಾಫಿಯನ್ನು ವಾರದ ಮಟ್ಟಿಗೆ ಬಿಡಿ, ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು.

ಮಗು ರಾತ್ರಿ ಎರಡಕ್ಕೆ ಎದ್ದು ಆಟಕ್ಕೆ ಕರೆಯುತ್ತೆ. ನಾವೂ ಎದ್ದು ಕೂರಬೇಕಾ?

ಒಬ್ಬರು ಎದ್ದರೆ ಸಾಕು. ಗಂಡ-ಹೆಂಡತಿ ರಾತ್ರಿಗಳನ್ನು ಮೊದಲೇ ಹಂಚಿಕೊಳ್ಳಿ, ಇಲ್ಲವಾದರೆ ಇಬ್ಬರೂ ಅರೆನಿದ್ದೆಯಲ್ಲಿ ಉಳಿದು ಬೆಳಿಗ್ಗೆ ಜಗಳವಾಗುತ್ತದೆ. ಟ್ಯೂಬ್‌ಲೈಟ್ ಹಾಕಬೇಡಿ, ಮೊಬೈಲ್ ಕೊಡಬೇಡಿ. ಹಸಿವಾದರೆ ಬಾಳೆಹಣ್ಣೋ ಮೊಸರನ್ನವೋ ಕೊಟ್ಟು, ಮಂದ ಬೆಳಕಿನಲ್ಲಿ ಕಥೆ ಹೇಳಿ. ಬೆಳಿಗ್ಗೆ ಹನ್ನೊಂದರವರೆಗೆ ಮಲಗಲು ಬಿಟ್ಟರೆ ಮರುದಿನವೂ ಇದೇ ಕಥೆ, ಎಬ್ಬಿಸಲೇಬೇಕು.

ಬಂದು ಎಂಟು ದಿನಕ್ಕೆ ಜ್ವರ ಬಂತು. ಹವಾ ಬದಲಾವಣೆ ಅಂತ ಬಿಟ್ಟುಬಿಡಬಹುದಾ?

ಬಿಡಬಾರದು. ಡೆಂಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಲಕ್ಷಣ ಕಾಣಿಸುವುದರಿಂದ ಬಾಲಿ, ಥಾಯ್ಲೆಂಡ್ ಕಡೆ ತಗುಲಿದ್ದು ಇಲ್ಲಿ ಬಂದ ಮೇಲೆ ಹೊರಬೀಳಬಹುದು. ಮಳೆಗಾಲವಾದರೆ ಇಲ್ಲೇ ತಗುಲಿರಲೂ ಬಹುದು. ಆಫ್ರಿಕಾದ ಸಫಾರಿಗೆ ಹೋಗಿ ಬಂದವರಿಗೆ ಮೂರು ತಿಂಗಳೊಳಗೆ ಯಾವ ಜ್ವರ ಬಂದರೂ ಮಲೇರಿಯಾ ಪರೀಕ್ಷೆ ಅದೇ ದಿನ ಆಗಬೇಕು. ವೈದ್ಯರು ಕೇಳದಿದ್ದರೂ ಹೋದ ದೇಶ ಮತ್ತು ಮರಳಿದ ದಿನಾಂಕ ಹೇಳಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್ ನೀವಾಗಿ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರವಿಲ್ಲದೆ ಒಂದು ಮೀನಖಂಡ ಮಾತ್ರ ಊದಿಕೊಂಡು ನೋಯುತ್ತಿದ್ದರೆ, ದೀರ್ಘ ಹಾರಾಟದ ನಂತರ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದರ ಜೊತೆ ಉಸಿರು ಕಟ್ಟಿದಂತಾದರೆ ಎಣ್ಣೆ ತಿಕ್ಕುತ್ತಾ ಕೂರದೆ ತುರ್ತು ವಿಭಾಗಕ್ಕೆ ಹೋಗಿ.

ಅಪ್ಪ ಶುಗರ್ ಮಾತ್ರೆ ಅಲ್ಲಿನ ಟೈಮಿಗೇ ತಗೋತಾ ಇದಾರೆ. ಪರವಾಗಿಲ್ವಾ?

ಮಾತ್ರೆಯ ಹೊತ್ತು ಇಲ್ಲಿನ ಊಟದ ಹೊತ್ತಿಗೆ ಹೊಂದಬೇಕು. ಇನ್ಸುಲಿನ್ ಅಥವಾ ರಕ್ತ ತೆಳುಮಾಡುವ ಔಷಧವಿದ್ದರೆ ಬದಲಾವಣೆಯ ಕ್ರಮವನ್ನು ಹೊರಡುವ ಮೊದಲೇ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳುವುದು ಕ್ಷೇಮ; ಬರೆಸದಿದ್ದರೆ ಬಂದ ದಿನವೇ ಫೋನ್ ಮಾಡಿ ಕೇಳಿ.

## ಮಕ್ಕಳು

ಮಗಳು ಎಲ್ಲದಕ್ಕೂ "ಇಲ್ಲಿ ಬರೀ ಗಲೀಜು, ಅಲ್ಲೇ ಚೆನ್ನಾಗಿತ್ತು" ಅಂತಾಳೆ. ಗದರಬೇಕಾ, ಒಪ್ಕೋಬೇಕಾ?

ಗದರಿದರೆ ಅವಳು ಕಂಡದ್ದನ್ನು ಹೇಳುವುದನ್ನು ನಿಲ್ಲಿಸುತ್ತಾಳೆ, ಕಾಣುವುದನ್ನು ನಿಲ್ಲಿಸುವುದಿಲ್ಲ. "ನಮ್ಮ ಸಂಸ್ಕೃತಿ ಅವರಿಗಿಲ್ಲ" ಎಂದು ತಿರುಗೇಟು ಕೊಡುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅದರಿಂದಲೂ ಫುಟ್‌ಪಾತಿನ ಕಸ ಕರಗುವುದಿಲ್ಲ. ಅವಳು ಹೇಳುವುದು ನಿಜವೆಂದು ಮೊದಲು ಒಪ್ಪಿ, ಆಮೇಲೆ ಅದು ಹೇಗೆ ಹಾಗಾಯಿತೆಂದು ಹೇಳಿ.

ಸಿಂಗಪುರ ಹುಟ್ಟಿನಿಂದಲೇ ಶುಭ್ರವಾಗಿರಲಿಲ್ಲ. 1968ರಲ್ಲಿ ಅಲ್ಲಿನ ಸರಕಾರ ಸ್ವಚ್ಛತೆಯ ಅಭಿಯಾನ ಶುರುಮಾಡಿ, ಕಸ ಎಸೆದವರಿಗೆ ದಂಡ ಹಾಕುತ್ತಾ ಬಂದಿತು. ಇಂದಿಗೂ ಆ ಊರನ್ನು ಗುಡಿಸಿ ಒರೆಸುವ ದೊಡ್ಡ ಪಡೆಯೇ ಇದೆ. ಜ್ಯೂರಿಕ್ ನಗರದಲ್ಲಿ ಮನೆಯ ಕಸವನ್ನು ಹಾಕಲು ಶುಲ್ಕ ಸೇರಿಸಿ ಮಾರುವ ನಿಗದಿತ ಚೀಲವನ್ನೇ ಕೊಳ್ಳಬೇಕು, ಹೆಚ್ಚು ಕಸ ಮಾಡಿದವನು ಹೆಚ್ಚು ಹಣ ತೆರುತ್ತಾನೆ. ಇಷ್ಟು ಕೇಳಿದ ಹತ್ತು ವರ್ಷದ ಮಗುವಿಗೆ, ಶುಭ್ರತೆ ಅಲ್ಲಿನ ಗಾಳಿಯಲ್ಲಿ ಇದ್ದದ್ದಲ್ಲ, ಯಾರೋ ದುಡ್ಡು ಕೊಟ್ಟು ಮೈಮುರಿದು ಮಾಡಿದ್ದು ಎಂದು ತಿಳಿಯುತ್ತದೆ. ಅನಂತರ ಕೈಗೆ ಕೆಲಸ ಕೊಡಿ: ಹಸಿ ಕಸ, ಒಣ ಕಸ, ಪ್ಯಾಡ್-ಡೈಪರ್‌ಗಳ ಕಸ ಮೂರನ್ನೂ ಬೇರ್ಪಡಿಸಿ, ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಗೆ ತಲುಪಿಸುವ ಜವಾಬ್ದಾರಿ ಅವಳದು. ಕಿತ್ತಳೆ ಸಿಪ್ಪೆಯ ಜೊತೆ ಬಿಸ್ಕತ್ತಿನ ಪ್ಲಾಸ್ಟಿಕ್ ಸೇರಿಸಿದ ಅಪ್ಪನನ್ನು ಅವಳೇ ಹಿಡಿದು ನಿಲ್ಲಿಸುವ ದಿನ ಬರುತ್ತದೆ.

ಇಲ್ಲಿರುವುದನ್ನೂ ತೋರಿಸಿ, ಆದರೆ ಪೋಟಿಗೆ ನಿಲ್ಲಬೇಡಿ. ಆಲ್ಪ್ಸ್ ಪರ್ವತ ನೋಡಿ ಬಂದ ಮಗುವನ್ನು ಲಾಲ್‌ಬಾಗಿನ ಬಂಡೆಯ ಮೇಲೆ ಕೂರಿಸಿ, ಆಲ್ಪ್ಸ್ ಎದ್ದು ನಿಂತು ಕೆಲವು ಕೋಟಿ ವರ್ಷವಾಗಿದ್ದರೆ ಕಾಲ ಕೆಳಗಿನ ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಎಂದು ಹೇಳಿದರೆ ಸಾಕು. ಆ ಸಂಖ್ಯೆ ತನ್ನ ಕೆಲಸ ತಾನು ಮಾಡುತ್ತದೆ.

ಹತ್ತು ದಿನ ಸ್ಕೂಲ್ ತಪ್ಪಿದೆ. ಒಂದೇ ವಾರದಲ್ಲಿ ಎಲ್ಲಾ ಬರೆಸಿಬಿಡಲಾ?

ಬೇಡ. ಗಣಿತ ಮತ್ತು ವಿಜ್ಞಾನದಲ್ಲಿ ಮುಂದಿನ ಪಾಠಕ್ಕೆ ಬೇಕಾದದ್ದನ್ನು ಮೊದಲು ಓದಿಸಿ, ನೋಟ್ಸ್ ನಕಲು ಮಾಡುವುದನ್ನು ಮುಂದಿನ ಎರಡು ಶನಿವಾರಗಳಿಗೆ ಹಂಚಿ. ಹತ್ತನೆಯ ತರಗತಿಯ ಮಕ್ಕಳಿಗೆ ಮಾತ್ರ 75% ಹಾಜರಾತಿಯ ನಿಯಮವಿರುವುದರಿಂದ ಪ್ರವಾಸದ ದಿನಗಳನ್ನು ಕಳೆದು ಎಷ್ಟು ಉಳಿಯಿತೆಂದು ಶಾಲೆಯಲ್ಲಿ ಕೇಳಿಕೊಳ್ಳಿ.

## ಹಣ ಮತ್ತು ಕಾಗದಪತ್ರ

ಕ್ರೆಡಿಟ್ ಕಾರ್ಡ್ ಬಿಲ್ ನಾವು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಬಂದಿದೆ. ಮೋಸ ಆಗಿದೆಯಾ?

ಆಗಿರಲಿಕ್ಕಿಲ್ಲ. ವಿದೇಶಿ ಕರೆನ್ಸಿಯ ಖರ್ಚಿಗೆ ಹಲವು ಕಾರ್ಡುಗಳು 2ರಿಂದ 3.5% ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ" ಎಂದು ಕೇಳಿದಾಗ ಹೂಂ ಎಂದಿದ್ದರೆ ಅಲ್ಲಿನ ದುಬಾರಿ ವಿನಿಮಯ ದರವೂ ಸೇರಿರುತ್ತದೆ. ಹೋಟೆಲು, ಬಾಡಿಗೆ ಕಾರಿನವರು ಮುಂಗಡವಾಗಿ ತಡೆಹಿಡಿದ ಮೊತ್ತ ಬಿಡುಗಡೆಯಾಗಲು ದಿನಗಳು ಹಿಡಿಯುತ್ತವೆ. ಒಂದೊಂದೇ ಸಾಲನ್ನು ರಸೀದಿಯೊಂದಿಗೆ ತಾಳೆ ನೋಡಿ. ಗುರುತು ಸಿಗದ ಸಾಲು ಕಂಡರೆ ತಕ್ಷಣ ಬ್ಯಾಂಕಿಗೆ ತಿಳಿಸಿ ಕಾರ್ಡಿನ ವಿದೇಶಿ ಬಳಕೆಯನ್ನು ಮುಚ್ಚಿಸಿ. "ಕನಿಷ್ಠ ಮೊತ್ತ" ಮಾತ್ರ ಕಟ್ಟಿ ಉಳಿದದ್ದನ್ನು ಮುಂದಿನ ತಿಂಗಳಿಗೆ ದೂಡುವುದು ಪ್ರವಾಸಕ್ಕೆ ಎರಡು ಸಲ ದುಡ್ಡು ಕೊಡುವ ದಾರಿ. ತಿಂಗಳಿಗೆ 3% ಮೀರಿದ ಬಡ್ಡಿಗಿಂತ ಇರುವ ಠೇವಣಿ ಮುರಿಯುವುದೇ ಅಗ್ಗ.

ಉಳಿದ ಯೂರೋ, ಡಾಲರ್ ಮನೇಲಿ ಇಟ್ಕೋಬಹುದಾ?

ನೋಟುಗಳಲ್ಲಿ 2,000 ಅಮೆರಿಕನ್ ಡಾಲರಿನಷ್ಟು ಬೆಲೆಯವರೆಗೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಮರಳಿದ 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದಾರರಿಗೋ ಒಪ್ಪಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಾಣ್ಯಗಳಿಗೆ ಮಿತಿಯಿಲ್ಲ, ಅವನ್ನು ಇಲ್ಲಿ ಕೊಳ್ಳುವವರೂ ಸಾಮಾನ್ಯವಾಗಿ ಸಿಗುವುದಿಲ್ಲ.

ಟೂರ್ ಪ್ಯಾಕೇಜಿನಲ್ಲಿ ಟಿಸಿಎಸ್ ಅಂತ ಹಿಡಿದುಕೊಂಡರು. ಅದು ಹೋದ ದುಡ್ಡೇನಾ?

ಅಲ್ಲ. ಅದು ನಿಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಮುಂಗಡವಾಗಿ ಜಮೆಯಾದ ತೆರಿಗೆ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ಮರಳಿ ಬರುತ್ತದೆ. ಆದಾಯ ತೆರಿಗೆಯ ಜಾಲತಾಣದಲ್ಲಿ ನಿಮ್ಮ ತೆರಿಗೆ ಜಮೆಯ ವಿವರ ತೆರೆದು ಮೊತ್ತ ಕಾಣುತ್ತದೆಯೇ ನೋಡಿ, ಕಾಣದಿದ್ದರೆ ಪ್ರವಾಸ ಸಂಸ್ಥೆಯವರ ಬೆನ್ನುಹತ್ತಿ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರಿಗೇ ಜಮೆಯಾಗುತ್ತದೆ. ಇನ್ನೊಂದು ನಿಯಮ ನಿವೃತ್ತರಿಗೆ ಗೊತ್ತಿರುವುದಿಲ್ಲ: ವರ್ಷದಲ್ಲಿ ವಿದೇಶ ಪ್ರಯಾಣಕ್ಕೆ 2 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಿದವರು ತೆರಿಗೆಯ ಮಿತಿಗಿಂತ ಕಡಿಮೆ ಆದಾಯವಿದ್ದರೂ ರಿಟರ್ನ್ ಸಲ್ಲಿಸಬೇಕು.

## ಮನೆಮಂದಿ

ಎಲ್ಲರಿಗೂ ಗಿಫ್ಟ್ ತರಲಿಲ್ಲ. ಯಾರಿಗೆ ಕೊಡೋದು, ಯಾರಿಗೆ ಬಿಡೋದು?

ನೀವಿಲ್ಲದಾಗ ನಿಮ್ಮ ಮನೆಗಾಗಿ ಏನಾದರೂ ಮಾಡಿದವರಿಗೆ ಮೊದಲು: ಗಿಡಕ್ಕೆ ನೀರು ಹಾಕಿದವರು, ಕೊರಿಯರ್ ತೆಗೆದಿಟ್ಟುಕೊಂಡವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು. ಉಳಿದವರಿಗೆ ಸಿಕ್ಕಾಗ ಎರಡು ಚಾಕಲೇಟ್ ಸಾಕು. ಅದೇ ಚಾಕಲೇಟ್ ಜಯನಗರದಲ್ಲೂ ಸಿಗುತ್ತದೆಂದು ಅವರಿಗೂ ಗೊತ್ತು.

ಮನೆಕೆಲಸದವರಿಗೆ ನಾವಿಲ್ಲದ ಮೂರು ವಾರದ ಸಂಬಳ ಕೊಡಬೇಕಾ?

ಪೂರ್ತಿ ಕೊಡಬೇಕು. ಕಛೇರಿ ನಿಮ್ಮ ರಜೆಗೆ ಸಂಬಳ ಕೊಟ್ಟಿದೆ. ರಜೆ ಹಾಕಿದ್ದು ನೀವು, ಅವರಲ್ಲ. ಬಾಡಿಗೆ, ಮಕ್ಕಳ ಶಾಲೆಯ ಕಂತು ಅವರಿಗೂ ತಿಂಗಳಿಗೊಮ್ಮೆ ಬರುತ್ತವೆ. ಸಂಬಳ ಕಡಿದ ಮನೆಗಳೇ ಮರಳಿ ಬಂದ ವಾರ "ಬೇರೆ ಮನೆ ಹಿಡಿದುಬಿಟ್ಟಳು" ಎಂದು ಗೊಣಗುವುದನ್ನು ಕೇಳಿದ್ದೇನೆ. ಹೊರಡುವ ಮೊದಲೇ ಹಣ ಕೊಟ್ಟು, ಮರಳುವ ದಿನ ಹೇಳಿ, ಆ ಬೆಳಿಗ್ಗೆ ಬಂದು ಧೂಳು ಹೊಡೆಯಲು ಒಪ್ಪಿಸಿಕೊಳ್ಳುವುದು ಜಾಣತನ.

ಅತ್ತೆ-ಮಾವನನ್ನ ಬಿಟ್ಟು ಹೋಗಿದ್ವಿ. ಬಂದ ಮೇಲೆ ಮಾತು ಕಮ್ಮಿ ಮಾಡಿದಾರೆ. ಏನು ಮಾಡೋದು?

ಬಂದ ದಿನವೇ ಟಿವಿಗೆ ಮೊಬೈಲ್ ಜೋಡಿಸಿ ಎಂಟುನೂರು ಫೋಟೋ ತೋರಿಸುವುದನ್ನು ಮೊದಲು ಕೈಬಿಡಿ. ಅವರಿಗೂ ಆ ದಿನಗಳು ಕಳೆದಿವೆ: ಪ್ಲಂಬರಿಗೆ ಫೋನ್ ಮಾಡಿದ್ದಾರೆ, ಮಾತ್ರೆ ತರಲು ತಾವೇ ನಡೆದಿದ್ದಾರೆ, ರಾತ್ರಿ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ನೋಡಿದ್ದಾರೆ. ಮೊದಲ ಸಂಜೆ ಪ್ರಶ್ನೆ ನಿಮ್ಮದಾಗಲಿ, ಮಾತು ಅವರದಾಗಲಿ. ಫೋಟೋಗಳಲ್ಲಿ ಮೂವತ್ತು ಆರಿಸಿ ಭಾನುವಾರದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಅವರ ಮೌನ ಮುನಿಸೋ ಆಯಾಸವೋ ತಿಳಿಯಲು ಮಗನೇ ಕೇಳಬೇಕು, ಸೊಸೆಯ ಮೂಲಕ ಕೇಳಿಸಕೂಡದು. ಮುಂದಿನ ಸಲ ಅವರನ್ನೂ ಕರೆದೊಯ್ಯುತ್ತೇವೆ ಎಂಬ ಮಾತನ್ನು ನಿಜವಾಗಿ ಕರೆದೊಯ್ಯುವುದಾದರೆ ಮಾತ್ರ ಆಡಿ.

ಟ್ರಿಪ್‌ನಲ್ಲಿ ಎಲ್ಲರೂ ಖುಷಿಯಾಗಿದ್ವಿ. ಬಂದ ಮೇಲೆ ಬಟ್ಟೆ, ಅಡುಗೆ, ಕ್ಲೀನಿಂಗ್ ಎಲ್ಲಾ ನನ್ನ ತಲೆ ಮೇಲೇ. ಇದಕ್ಕೆ ಟ್ರಿಪ್ ಯಾಕೆ ಬೇಕಿತ್ತು ಅನ್ಸುತ್ತೆ. ನಾನೇ ಜಾಸ್ತಿ ಮಾಡ್ತಿದೀನಾ?

ಇಲ್ಲ. ಈ ಪಟ್ಟಿಯಲ್ಲಿ ಹೆಚ್ಚು ಬಾರಿ ಕೇಳಿಬಂದ ಪ್ರಶ್ನೆ ಇದು, ಕೇಳಿದವರು ಬಹುತೇಕ ಎಲ್ಲರೂ ಹೆಂಗಸರು. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಪ್ರವಾಸದಲ್ಲಿ ಈ ಅಂತರ ಮಾಯವಾಗಿರುತ್ತದೆ, ಏಕೆಂದರೆ ಹಾಸಿಗೆ ಮಡಿಸುವವರು, ಪಾತ್ರೆ ತೊಳೆಯುವವರು ಹೋಟೆಲಿನವರು. ಮನೆಗೆ ಬಂದ ದಿನ ಅದು ಹಳೆಯ ಅಳತೆಗಿಂತ ದೊಡ್ಡದಾಗಿ ಮರಳುತ್ತದೆ. ಗಂಡನಿಗೆ ರಜೆ ಮುಗಿಯುವುದು ಸೋಮವಾರ ಲಾಗಿನ್ ಆದಾಗ. ಹೆಂಡತಿಗೆ ಮುಗಿಯುವುದು ಪೆಟ್ಟಿಗೆ ಬಿಚ್ಚಿದಾಗ.

ಕೆಲಸವನ್ನು ಅಳೆದು ನೋಡಿ. ನಾಲ್ಕು ಜನರ ಎರಡು ವಾರದ ಬಟ್ಟೆ ಐದಾರು ಸಲ ಯಂತ್ರ ತುಂಬುತ್ತದೆ. ಜೂನ್ ತಿಂಗಳಾದರೆ ತಾರಸಿಯ ತಂತಿಯ ಮೇಲೆ ಹಾಕಿದ್ದನ್ನು ಮೂರು ಗಂಟೆಯ ಮೋಡ ನೋಡಿ ಓಡಿಹೋಗಿ ತೆಗೆದು, ಒಳಗೆ ಕುರ್ಚಿಯ ಬೆನ್ನಿಗೆ, ಬಾಗಿಲ ಮೂಲೆಗೆ ನೇತುಹಾಕಿ, ಫ್ಯಾನ್ ಹಾಕಿ, ಮುಗ್ಗಲು ವಾಸನೆ ಬಂದ ಜೀನ್ಸನ್ನು ಮತ್ತೆ ಒಗೆಯಬೇಕು. ಇದೊಂದೇ ಮೂರು ದಿನದ ಕೆಲಸ. ಇದರ ಜೊತೆಗೆ ದಿನಸಿ, ಹಾಲಿನ ಲೆಕ್ಕ, ಬಾಕಿ ಬಿಲ್ಲು, ಮಗುವಿನ ಯೂನಿಫಾರ್ಮ್, ನೆಂಟರ ಫೋನು.

ಬಂದ ಮೇಲೆ ಹಂಚಿಕೊಳ್ಳೋಣ ಎಂದರೆ ಆಗುವುದಿಲ್ಲ, ಎಲ್ಲರೂ ದಣಿದಿರುತ್ತಾರೆ. ದಣಿದ ಮನೆಯಲ್ಲಿ ಕೆಲಸ ರೂಢಿಯ ಕೈಗೇ ಬೀಳುತ್ತದೆ. ಟಿಕೆಟ್ ಬುಕ್ ಮಾಡುವ ದಿನವೇ ಮರಳಿದ ವಾರದ ಪಟ್ಟಿ ಬರೆದು, ಒಂದೊಂದರ ಮುಂದೆ ಒಂದೊಂದು ಹೆಸರು ಹಾಕಿ. ಎಂಟು ವರ್ಷ ದಾಟಿದವರೆಲ್ಲ ತಮ್ಮ ಪೆಟ್ಟಿಗೆಯನ್ನು ತಾವೇ ಬಿಚ್ಚಲಿ. ಬಟ್ಟೆಯ ಕೆಲಸ, ಯಂತ್ರಕ್ಕೆ ಹಾಕುವುದರಿಂದ ಮಡಿಸಿ ಬೀರುವಿಗೆ ಇಡುವವರೆಗೆ, ಗಂಡನದು ಎಂದು ಒಪ್ಪಂದವಾಗಲಿ. ಅರ್ಧ ಮಾಡಿ "ಎಲ್ಲಿಡಲಿ" ಎಂದು ಕೇಳಿದರೆ ಅದು ಆದಂತಲ್ಲ. ಮೊದಲ ಮೂರು ದಿನದ ರಾತ್ರಿಯೂಟ ದರ್ಶಿನಿಯಿಂದ ಬರಲಿ, ಅದರ ಖರ್ಚನ್ನು ಪ್ರವಾಸದ ಬಜೆಟ್ಟಿನಲ್ಲೇ ಸೇರಿಸಿ. ವಿಮಾನಕ್ಕೆ ಲಕ್ಷಗಳನ್ನು ಸುರಿದ ಮೇಲೆ ಇಡ್ಲಿ-ವಡೆಯ ಆರುನೂರು ರೂಪಾಯಿಗೆ ಲೆಕ್ಕ ನೋಡುವುದು ವಿಚಿತ್ರ.

ಅಲ್ಲಿ ಇಬ್ಬರೂ ಎಷ್ಟು ಮಾತಾಡ್ತಿದ್ವಿ. ಇಲ್ಲಿ ಬಂದ ಮೇಲೆ "ಹಾಲು ತಂದ್ಯಾ" ಬಿಟ್ಟರೆ ಮಾತೇ ಇಲ್ಲ. ಯಾಕೆ ಹೀಗೆ?

ಪ್ರವಾಸದಲ್ಲಿ ಇಬ್ಬರ ಮುಂದೆ ದಿನವೂ ಒಂದೇ ಸಮಸ್ಯೆ ಇತ್ತು: ಯಾವ ರೈಲು, ಯಾವ ಬೀದಿ, ಸಸ್ಯಾಹಾರ ಎಲ್ಲಿ. ಇಲ್ಲಿ ಸಮಸ್ಯೆಗಳು ಪಾಲಾಗಿವೆ, ಅವನದು ಅವನಿಗೆ, ಅವಳದು ಅವಳಿಗೆ. ಅಲ್ಲಿ ಸಂಜೆಗಳಲ್ಲಿ ನಡೆದಾಡುತ್ತಿದ್ದಿರಾದರೆ ಇಲ್ಲೂ ವಾರಕ್ಕೆರಡು ಸಂಜೆ ಬಡಾವಣೆಯ ಪಾರ್ಕಿಗೆ, ಮೊಬೈಲ್ ಮನೆಯಲ್ಲಿಟ್ಟು, ಹೋಗಿ ಬನ್ನಿ. ಹೊಸದಾಗಿ ಒಂದು ಕೆಲಸವನ್ನಾದರೂ ಒಟ್ಟಿಗೆ ಹಿಡಿಯಿರಿ. ಅದು ಶನಿವಾರದ ಮಾರ್ಕೆಟ್ಟೇ ಆದರೂ ಸರಿ.

ಬಂದು ತಿಂಗಳಾಗ್ತಾ ಬಂತು, ಯಾವುದರಲ್ಲೂ ಮನಸ್ಸಿಲ್ಲ. ಇದು ಟ್ರಿಪ್ ಮುಗಿದ ಬೇಸರನಾ, ಬೇರೆ ಏನಾದರೂನಾ?

ರಜೆಯ ಹಿಗ್ಗು ಬೇಗ ಇಳಿಯುವುದು ಸಹಜ. 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸಿನ ಒಂದು ಅಧ್ಯಯನದಲ್ಲಿ, ಪ್ರವಾಸದಿಂದ ಮರಳಿದವರು ಪ್ರವಾಸಕ್ಕೇ ಹೋಗದವರಿಗಿಂತ ಹೆಚ್ಚು ಸಂತೋಷದಿಂದೇನೂ ಇರಲಿಲ್ಲ. ಬಹಳ ನಿರಾಳವಾಗಿ ರಜೆ ಕಳೆದವರಲ್ಲಿ ಮಾತ್ರ ಸ್ವಲ್ಪ ಕಾಲ ವ್ಯತ್ಯಾಸ ಕಂಡಿತ್ತು. ಹನ್ನೊಂದು ದಿನದಲ್ಲಿ ಏಳು ದೇಶ ಸುತ್ತಿಸುವ ಪ್ಯಾಕೇಜುಗಳನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ, ನಿದ್ದೆ ಸರಿಯಾಗಿ ಮನೆಯ ಕೆಲಸ ಹಿಡಿತಕ್ಕೆ ಬಂದ ಮೇಲೆ, ಬೇಸರ ತಾನಾಗಿ ತಿಳಿಯಾಗುತ್ತದೆ.

ಆದರೆ ಎರಡು ವಾರ ದಾಟಿಯೂ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಸಿದಿದ್ದರೆ, ನಿದ್ದೆ-ಹಸಿವು ಕೆಟ್ಟಿದ್ದರೆ, ಮೊದಲು ಇಷ್ಟವಾಗಿದ್ದು ಈಗ ಬೇಡವೆನಿಸಿದರೆ ಅದನ್ನು ಪ್ರವಾಸದ ತಲೆಗೆ ಕಟ್ಟಬೇಡಿ. ಮೊದಲಿದ್ದ ದುಃಖವೊಂದನ್ನು ರಜೆ ಮುಚ್ಚಿಟ್ಟು, ಮರಳಿದ ಮೇಲೆ ಅದು ಹೊರಗೆ ಬಂದಿರುವುದೂ ಉಂಟು. ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡುವವರಿದ್ದಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೂ ಹೋಗಬಹುದು. ಸಾಯಬೇಕೆಂಬ ಯೋಚನೆ ಸುಳಿದಿದ್ದರೆ ಮನೆಯವರಿಗೆ ಇಂದೇ ತಿಳಿಸಿ, ಒಬ್ಬರೇ ಇರಬೇಡಿ.

ನಮ್ಮವರು ಬಂದಾಗಿನಿಂದ "ಅಲ್ಲಿಗೇ ಶಿಫ್ಟ್ ಆಗಿಬಿಡೋಣ" ಅಂತಿದಾರೆ. ಸೀರಿಯಸ್ಸಾಗಿ ತಗೋಬೇಕಾ?

ಮೊದಲ ತಿಂಗಳು ಬೇಡ. ಬೇಸಿಗೆಯಲ್ಲಿ ಲಂಡನ್ ನೋಡಿದವರು ರಾತ್ರಿ ಒಂಬತ್ತರವರೆಗೆ ಬೆಳಕಿದ್ದ ಊರನ್ನು ನೆನೆಯುತ್ತಾರೆ. ಅದೇ ಊರಿನಲ್ಲಿ ಡಿಸೆಂಬರಿನ ಕೊನೆಗೆ ಸೂರ್ಯ ಹುಟ್ಟುವುದು ಎಂಟರ ಸುಮಾರಿಗೆ, ಮುಳುಗುವುದು ನಾಲ್ಕರ ಸುಮಾರಿಗೆ. ಪ್ರವಾಸಿಗರಾಗಿ ನೀವು ಅಲ್ಲಿ ಬಾಡಿಗೆ ಕಟ್ಟಲಿಲ್ಲ, ಸಂಬಳದ ಮೇಲೆ ತೆರಿಗೆ ಕೊಡಲಿಲ್ಲ, ವೈದ್ಯರ ಅಪಾಯಿಂಟ್‌ಮೆಂಟಿಗೆ ಕಾಯಲಿಲ್ಲ, ಮನೆಕೆಲಸದವರಿಲ್ಲದೆ ಸೋಮವಾರ ಕಳೆಯಲಿಲ್ಲ.

ತಿಂಗಳು ಕಳೆದ ಮೇಲೂ ಮಾತು ಉಳಿದಿದ್ದರೆ, ಕೂತು ಲೆಕ್ಕ ಹಾಕುವುದು ಅವರ ಆಸೆಗೆ ಕೊಡುವ ಮರ್ಯಾದೆ. ಅವರು ತಪ್ಪಿಸಿಕೊಳ್ಳಲು ಬಯಸುತ್ತಿರುವುದು ಬೆಂಗಳೂರನ್ನೋ, ದಿನಕ್ಕೆ ಮೂರು ಗಂಟೆ ನುಂಗುವ ಹೊರವರ್ತುಲ ರಸ್ತೆಯನ್ನೋ, ಈಗಿನ ಕೆಲಸವನ್ನೋ ಎಂದು ಕೇಳಿ. ಎರಡನೆಯದಾದರೆ ಕಛೇರಿಯ ಹತ್ತಿರ ಮನೆ ಬದಲಿಸಿದರೆ ಆಯಿತು, ಮೂರನೆಯದಾದರೆ ಕೆಲಸ ಬದಲಿಸಿದರೆ ಆಯಿತು. ಎರಡಕ್ಕೂ ವೀಸಾ ಬೇಡ. ಮೊದಲನೆಯದೇ ಎಂದಾದರೆ ಇಬ್ಬರ ಉದ್ಯೋಗ, ಎರಡೂ ಕಡೆಯ ತಂದೆತಾಯಿಗಳನ್ನು ಮುಂದಿನ ಹತ್ತು ವರ್ಷ ನೋಡಿಕೊಳ್ಳುವವರು ಯಾರು, ಮಕ್ಕಳ ತರಗತಿ ಯಾವುದು ಎಂಬ ಮೂರನ್ನು ಕಾಗದದ ಮೇಲೆ ಬರೆಯಿರಿ. ಆಮೇಲೂ ಉತ್ಸಾಹ ಉಳಿದರೆ ಮುಂದಿನ ರಜೆಗೆ ಅದೇ ಊರಿಗೆ ಚಳಿಗಾಲದಲ್ಲಿ ಹೋಗಿ, ಹೋಟೆಲು ಬಿಟ್ಟು ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು, ಎರಡು ವಾರ ತರಕಾರಿ ಕೊಂಡು, ಬೇಯಿಸಿ, ಬಟ್ಟೆ ಒಗೆದುಕೊಂಡು ಇದ್ದು ನೋಡಿ. ಆ ಎರಡು ವಾರವೂ ಪಾತ್ರೆ ತೊಳೆದವರು ಯಾರು ಎಂಬುದನ್ನೂ ಅದೇ ಕಾಗದದ ಮೇಲೆ ಬರೆದುಕೊಂಡು ಬನ್ನಿ.